ವಾಸನೆ ಬಾರದ ಮೂಗಿಗೆ ಬಂದ ವಾಸನೆ

ಯಾರಾದರೂ ‘ನಂಗೊಂದು ವಿಚಿತ್ರ ಆಯ್ತು ಡಾಕ್ಟ್ರೇ’ ಎಂದು ಮಾತು ಶುರು ಮಾಡಿದರೆ, ಹಿಂದಿನ ದಿನ ಏನು ತಿಂದಿದ್ದಿರಿ ಎಂದು ಕೇಳುವ ಅಭ್ಯಾಸ ನನಗಿತ್ತು. ಕೇಳಿ ನಗುತ್ತಲೂ ಇದ್ದೆ. ಎಲ್ಲದಕ್ಕೂ ದೇಹದಲ್ಲೋ ಮನಸ್ಸಿನಲ್ಲೋ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ ಎನ್ನುವುದು ನನ್ನ ಸಿದ್ಧಾಂತ. ಈಗಲೂ ಬಹುಮಟ್ಟಿಗೆ ಅದೇ. ಆದರೆ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ತುಮಕೂರಿನಲ್ಲಿ, ಹಾಡುಹಗಲಲ್ಲಿ ನನಗೇ ಆದ ಒಂದು ಸಂಗತಿಗೆ ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ. ಅದನ್ನು ಹೇಳಬೇಕೆಂದರೆ ನನ್ನ ಮಾನವನ್ನು ನಾನೇ ಕಳೆದುಕೊಳ್ಳಬೇಕು. ಇಷ್ಟು ವರ್ಷ ಬರೆಯದೇ ಇದ್ದದ್ದು ಅದಕ್ಕೇ.

ಮೊದಲು ನನ್ನ ಮೂಗಿನ ವಿಷಯ ಹೇಳಿಬಿಡುತ್ತೇನೆ. ನನ್ನೂರು ಕುಣಿಗಲ್. ಒಂಬತ್ತು ವರ್ಷದವನಿದ್ದಾಗ ಹುಣಸೆ ಮರದಿಂದ ಬಿದ್ದು ತಲೆಗೆ ಪೆಟ್ಟಾಯಿತು. ಮೂರು ದಿನ ಪ್ರಜ್ಞೆ ಇರಲಿಲ್ಲವಂತೆ. ನಾಲ್ಕನೆಯ ದಿನ ಎದ್ದು ಕೂತು ಊಟ ಕೇಳಿದೆನಂತೆ. ಮನೆಯವರೆಲ್ಲ ಬದುಕಿತು ಬಡಜೀವ ಎಂದುಕೊಂಡರು. ವಾಸನೆ ತಿಳಿಯುವ ಶಕ್ತಿ ಪೂರ್ತಿ ಹೋಗಿದೆ ಎನ್ನುವುದು ಗೊತ್ತಾದದ್ದು ಎಷ್ಟೋ ದಿನದ ಮೇಲೆ, ಒಲೆಯ ಮೇಲೆ ಹಾಲು ಸೀದು ಕರಿಯಾಗುತ್ತಿದ್ದರೂ ನಾನು ಪಕ್ಕದಲ್ಲೇ ಕೂತು ಮಗ್ಗಿ ಹೇಳುತ್ತಿದ್ದಾಗ. ಆಮೇಲೆ ಅದು ವಾಪಸು ಬರಲೇ ಇಲ್ಲ. ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೊಯ್ಯುವಾಗ ಉಳಿದ ಹುಡುಗರೆಲ್ಲ ಕರ್ಚೀಫು ಕಟ್ಟಿಕೊಂಡು ವಾಂತಿ ತಡೆದುಕೊಳ್ಳುತ್ತಿದ್ದರೆ, ನಾನು ಅಲ್ಲೇ ನಿಂತು ಕಡಲೆಕಾಯಿ ತಿನ್ನುತ್ತಿದ್ದೆ. ಮದುವೆಯಾದ ಮೇಲೆ ಹೆಂಡತಿ, ‘ನಿಮಗೆ ಮಲ್ಲಿಗೆನೂ ಒಂದೇ ಹರಳೆಣ್ಣೆನೂ ಒಂದೇ, ನಾನ್ಯಾಕೆ ಹೂ ಮುಡ್ಕೋಬೇಕು’ ಎಂದು ಛೇಡಿಸುತ್ತಿದ್ದಳು.

ಇನ್ನು ನಂಜುಂಡನ ವಿಷಯ. ಇವನು ಗುಬ್ಬಿಯವನು. ಕಾಲೇಜು ಓದುವಾಗ ತುಮಕೂರಿನ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್. ಒಂದೇ ಲಾಟೀನು, ಒಂದೇ ಸೋಪು, ಹಬ್ಬಕ್ಕೆ ಅವರಮ್ಮ ಕಳಿಸಿದ ಕೊಬ್ಬರಿ ಮಿಠಾಯಿಯಲ್ಲಿ ಅರ್ಧ ನನ್ನದು. ಇಬ್ಬರೂ ಒಟ್ಟಿಗೇ ಮೆಡಿಕಲ್ ಸೇರಿದೆವು, ಒಟ್ಟಿಗೇ ಪಾಸಾದೆವು. ಅಲ್ಲಿಯವರೆಗೂ ನಾನು ಅವನಿಗಿಂತ ಒಂದು ಗುಲಗಂಜಿ ಮುಂದೆಯೇ ಇದ್ದೆ. ಆಮೇಲೆ ಎಂ.ಡಿ. ಸೀಟು ಅವನಿಗೆ ಸಿಕ್ಕಿತು, ನನಗೆ ಸಿಗಲಿಲ್ಲ. ಅದೂ ನನ್ನ ನೋಟ್ಸು ಓದಿ.

ಮುಚ್ಚುಮರೆ ಯಾಕೆ? ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗ. ಎದುರಿಗೆ ನಗುನಗುತ್ತಾ ಹಾರ ಹಾಕಿದೆ, ರೂಮಿಗೆ ಬಂದು ಬಾಗಿಲು ಹಾಕಿಕೊಂಡೆ. ಅವನು ಎದೆರೋಗದ ತಜ್ಞನಾಗಿ ತುಮಕೂರಿಗೆ ವಾಪಸು ಬಂದು ಸ್ವಂತ ನರ್ಸಿಂಗ್ ಹೋಮ್ ತೆರೆದ. ಅಷ್ಟು ಹೊತ್ತಿಗೆ ನಾನು ಊರ ಅಂಚಿನ ಶೆಟ್ಟಿಹಳ್ಳಿಯಲ್ಲಿ ಒಂದು ಸಣ್ಣ ಕ್ಲಿನಿಕ್ ಇಟ್ಟುಕೊಂಡು ನೊಣ ಹೊಡೆಯುತ್ತಿದ್ದೆ. ಅವನೇ ಸ್ಕೂಟರಿನಲ್ಲಿ ಬಂದು, ‘ಬೆಳಿಗ್ಗೆ ಹೊತ್ತು ನನ್ನ ಜೊತೆ ಬಾರೋ, ಒಬ್ನೇ ಆಗಲ್ಲ’ ಎಂದು ಕರೆದ. ಹೋದೆ. ಅಲ್ಲಿ ರೋಗಿಗಳು ಅವನನ್ನು ‘ದೊಡ್ಡ ಡಾಕ್ಟ್ರು’ ಎಂದು ಕರೆಯುತ್ತಿದ್ದರು, ನನ್ನನ್ನು ‘ಚಿಕ್ಕ ಡಾಕ್ಟ್ರು’. ನಾನು ಅವನಿಗಿಂತ ನಾಲ್ಕು ತಿಂಗಳು ದೊಡ್ಡವನು. ಇಬ್ಬರಿಗೂ ಮೂವತ್ತೈದರ ಹತ್ತಿರ. ನನ್ನ ನೆತ್ತಿ ಆಗಲೇ ಕಾಣಿಸುತ್ತಿತ್ತು, ಅವನ ತಲೆತುಂಬ ಕಪ್ಪು ಕೂದಲು. ಅದನ್ನು ನೋಡಿದರೂ ನನಗೆ ಉರಿಯುತ್ತಿತ್ತು ಎಂದರೆ ನೀವೇ ಲೆಕ್ಕ ಹಾಕಿಕೊಳ್ಳಿ.

ನಂಜುಂಡನಿಗೆ ಸಂಶೋಧನೆಯ ಹುಚ್ಚು. ಹೊರದೇಶದ ವೈದ್ಯ ಪತ್ರಿಕೆಗಳನ್ನು ತರಿಸಿ ಊಟದ ಹೊತ್ತಿನಲ್ಲೂ ಓದುತ್ತಿದ್ದ. ಆ ಕಾಲಕ್ಕೆ ಅವನ ತಲೆ ಹೊಕ್ಕಿದ್ದದ್ದು ಅಸಿಟೈಲ್ ಸಿಸ್ಟೀನ್ ಎನ್ನುವ ಔಷಧಿ. ಗಟ್ಟಿಯಾಗಿ ಎದೆಗೆ ಅಂಟಿದ ಕಫದ ಒಳಗಿನ ಕೊಂಡಿಗಳನ್ನು ಬಿಡಿಸಿ ಅದನ್ನು ನೀರಾಗಿಸುವ ಗುಣ ಅದಕ್ಕಿದೆ. ಜ್ವರದ ಮಾತ್ರೆಯನ್ನು ಮಿತಿಮೀರಿ ನುಂಗಿದವರ ಲಿವರ್ ಉಳಿಸಲೂ ಅದು ಬರುತ್ತದೆ ಎಂದು ಆಗಷ್ಟೇ ಗೊತ್ತಾಗಿತ್ತು. ದೇಹದೊಳಗೆ ಹುಟ್ಟಿ ಜೀವಕೋಶಗಳನ್ನು ಸುಡುವ ಪದಾರ್ಥಗಳನ್ನೂ ಅದು ತಡೆಯುತ್ತದೆ ಎಂದು ನಂಜುಂಡ ಕಣ್ಣರಳಿಸಿ ಹೇಳುತ್ತಿದ್ದ. ‘ಒಂದೇ ಔಷಧಿ, ಮೂರು ಕೆಲ್ಸ ಕಣೋ! ನಮ್ಮ ಕಡೆ ತೆಂಗಿನ ನಾರಿನ ಧೂಳು ಕುಡಿದು ಎದೆ ಕೆಡಿಸ್ಕೊಂಡಿರೋ ಜನಕ್ಕೆ ಇದು ಎಷ್ಟು ಉಪಯೋಗ ಅಂತ ಯಾರಾದ್ರೂ ನೋಡಿದಾರಾ?’ ಯಾರೂ ನೋಡಿರಲಿಲ್ಲ. ನೋಡಬೇಕೆಂದು ನನಗೆ ಹೊಳೆದೂ ಇರಲಿಲ್ಲ. ಅದಕ್ಕೂ ಹೊಟ್ಟೆ ಉರಿದುಕೊಂಡೆ.

ಅವನು ಹಾಕಿದ ಯೋಜನೆ ಸರಳ. ಹಳೆಯ ಕೆಮ್ಮು ಕಫದ ಹದಿನಾರು ರೋಗಿಗಳು, ಎಲ್ಲರೂ ಒಪ್ಪಿ ಬಂದವರು. ಎಂಟು ಜನಕ್ಕೆ ಔಷಧಿ, ಎಂಟು ಜನಕ್ಕೆ ಬರೀ ಉಪ್ಪುನೀರು. ಎರಡನ್ನೂ ನೆಬ್ಯುಲೈಸರಿನಲ್ಲಿ ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವುದು. ಯಾರಿಗೆ ಯಾವುದು ಎನ್ನುವುದು ರೋಗಿಗೂ ಗೊತ್ತಿರಬಾರದು, ಪರೀಕ್ಷೆ ಮಾಡುವ ಡಾಕ್ಟರಿಗೂ ಗೊತ್ತಿರಬಾರದು. ನಮಗೆ ಪರಿಚಯದ, ರಿಟೈರಾದ ಫಾರ್ಮಸಿ ಮೇಷ್ಟ್ರೊಬ್ಬರು ಬಾಟಲಿಗಳಿಗೆ ನಂಬರ್ ಹಾಕಿ, ಪಟ್ಟಿಯನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ ತಮ್ಮ ಬೀರುವಿನಲ್ಲಿ ಇಟ್ಟುಕೊಂಡರು. ಆರು ವಾರವಾದ ಮೇಲೆ ಒಡೆಯುವುದು ಎಂದಾಯಿತು.

ಆದರೆ ಒಂದು ತೊಡಕಿತ್ತು. ಈ ಔಷಧಿಗೆ ಕೊಳೆತ ಮೊಟ್ಟೆಯ ವಾಸನೆ. ಅದನ್ನು ಉಸಿರಿಗೆ ತೆಗೆದುಕೊಂಡವರ ಬಾಯಿ, ಬಟ್ಟೆ ಎಲ್ಲ ಅರ್ಧ ದಿನ ನಾರುತ್ತದೆ. ರೋಗಿ ಎದುರಿಗೆ ಬಂದು ಕೂತರೆ ಸಾಕು, ಇವನಿಗೆ ಔಷಧಿ ಬಿದ್ದಿದೆ ಎಂದು ಡಾಕ್ಟರಿಗೆ ತಿಳಿದುಹೋಗುತ್ತದೆ. ಹೀಗಾದರೆ ಪರೀಕ್ಷೆಗೆ ಅರ್ಥವೇ ಇಲ್ಲ. ನಂಜುಂಡ ಎರಡು ದಿನ ತಲೆ ಕೆರೆದುಕೊಂಡ. ಮೂರನೆಯ ದಿನ ಓಡಿಬಂದು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದ.

‘ಏನ್ಲಾ, ನನ್ನಂಥ ದಡ್ಡ ಯಾರಿದಾನೆ? ನೀನೇ ಇದೀಯಲ್ಲೋ! ನಿಂಗೆ ವಾಸನೆನೇ ಬರಲ್ವಲ್ಲ!’

ನಾನು ನಕ್ಕೆ. ನೋಡಿ, ಓದಿದ್ದಕ್ಕಲ್ಲ, ಕೈಗುಣಕ್ಕಲ್ಲ, ನನ್ನ ಕುಂದು ಅವನಿಗೆ ಬೇಕಾಗಿತ್ತು. ಒಪ್ಪಿಕೊಂಡೆ. ಇಲ್ಲ ಎನ್ನಲು ನನ್ನ ಹತ್ತಿರ ಹೇಳಬಹುದಾದ ಕಾರಣ ಇರಲಿಲ್ಲ.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಹಿಂದಿನ ಕೋಣೆಯಲ್ಲಿ ಸಿಸ್ಟರ್ ಸರೋಜ ರೋಗಿಗೆ ನೆಬ್ಯುಲೈಸರ್ ಕೊಡುತ್ತಿದ್ದಳು. ನಾನು ಅಲ್ಲಿಗೆ ಹೋಗುವ ಹಾಗಿಲ್ಲ, ಅವಳು ಆ ಬಗ್ಗೆ ಬಾಯಿ ಬಿಡುವ ಹಾಗಿಲ್ಲ. ಮುಗಿದ ಮೇಲೆ ರೋಗಿ ಮುಂದಿನ ಕೋಣೆಗೆ ನನ್ನ ಹತ್ತಿರ ಬರುತ್ತಿದ್ದ. ಎದೆ ಕೇಳಿ ನೋಡುವುದು, ಕೊಳವೆಯಲ್ಲಿ ಊದಿಸಿ ಉಸಿರಿನ ಬಲ ನೋಡುವುದು, ಆಮೇಲೆ ಅವನು ಮನೆಯಿಂದ ಮುಚ್ಚಳದ ಗಾಜಿನ ಜಾಡಿಯಲ್ಲಿ ತಂದ ಕಫವನ್ನು ಓರೆಯಾಗಿ ನಿಲ್ಲಿಸಿದ ಗಾಜಿನ ಹಲಗೆಯ ಮೇಲೆ ಬಿಟ್ಟು, ಅದು ಒಂದು ಗೇಣು ಜಾರಲು ಎಷ್ಟು ಸೆಕೆಂಡ್ ಬೇಕು ಎಂದು ಗಡಿಯಾರ ಹಿಡಿದು ಬರೆದುಕೊಳ್ಳುವುದು. ಗಟ್ಟಿ ಕಫ ನಿಧಾನ, ತೆಳು ಕಫ ಬೇಗ. ಓದುವುದಕ್ಕೆ ನಿಮಗೆ ಅಸಹ್ಯ ಎನ್ನಿಸಬಹುದು. ನಾನು ಅದನ್ನು ಆರು ವಾರ ಮಾಡಿದ್ದೇನೆ.

ಆ ಹದಿನಾರು ಜನದಲ್ಲಿ ಪುಟ್ಟಮ್ಮ ಒಬ್ಬಳು. ಗುಬ್ಬಿ ಹತ್ತಿರದ ಹಳ್ಳಿಯವಳು, ನಲವತ್ತರ ಹೆಂಗಸು, ಹನ್ನೆರಡು ವರ್ಷದಿಂದ ತೆಂಗಿನ ನಾರು ಬಡಿಯುವ ಕೆಲಸ. ಮೊದಲ ಸಲ ಅವಳಿಗೆ ಜಾಡಿ ಕೊಟ್ಟು, ರಾತ್ರಿಯಿಂದ ಬೆಳಗಿನವರೆಗೆ ಬಂದ ಕಫವನ್ನೆಲ್ಲ ಇದರಲ್ಲೇ ಉಗಿದು ತಾರಮ್ಮ ಎಂದು ಹೇಳಿ ಕಳಿಸಿದ್ದೆ. ಮರುವಾರ ಅವಳು ಸೆರಗಿನಲ್ಲಿ ಸುತ್ತಿಕೊಂಡು ತಂದ ಜಾಡಿಯನ್ನು ಮೇಜಿನ ಮೇಲಿಟ್ಟಳು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಅದು ಫಳಫಳ ಹೊಳೆಯುತ್ತಿತ್ತು. ಒಳಗೆ ಒಂದು ತೊಟ್ಟೂ ಇರಲಿಲ್ಲ.

‘ಕಫ ಎಲ್ಲಮ್ಮ?’ ಎಂದೆ.

‘ಅಯ್ಯೋ ಬುಡಿ ಸ್ವಾಮಿ, ಡಾಕ್ಟ್ರ ಮುಂದ್ಕೆ ಆ ಗಲೀಜು ತರಕಾಯ್ತದಾ? ಚೆಲ್ಬುಟ್ಟು, ಚೆಂದಾಗ್ ತೊಳ್ದು ತಂದಿವ್ನಿ’ ಎಂದಳು.

ಅವಳೊಬ್ಬಳೇ ಅಲ್ಲ. ಗೂಳೂರಿನವರೊಬ್ಬರು, ಬೆಳ್ಳಾವಿಯ ಇಬ್ಬರು, ಹೀಗೆ ಆರೇಳು ಜನ ಮೊದಲ ವಾರ ತೊಳೆದ ಜಾಡಿಯನ್ನೇ ತಂದಿದ್ದರು. ಮರ್ಯಾದಸ್ಥರು ಬೇರೆ ಏನು ಮಾಡುತ್ತಾರೆ? ತಪ್ಪು ನಮ್ಮದೇ. ಎಲ್ಲರಿಗೂ ಮತ್ತೆ ತಿಳಿಸಿ ಹೇಳಿ ಕೆಲಸ ಹೊಸದಾಗಿ ಶುರು ಮಾಡಿದೆವು. ಪುಟ್ಟಮ್ಮ ಮಾತ್ರ ಕೊನೆಯವರೆಗೂ ಜಾಡಿ ಕೊಡುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು.

ಎರಡು ವಾರ ನಾನು ಪ್ರಾಮಾಣಿಕವಾಗಿಯೇ ಬರೆದೆ. ಹೊಟ್ಟೆಕಿಚ್ಚಿದ್ದರೂ ಕೆಲಸದಲ್ಲಿ ಕಳ್ಳತನ ಮಾಡುವ ಯೋಚನೆ ಆಗ ನನಗೆ ಬಂದಿರಲಿಲ್ಲ. ಎರಡನೆಯ ವಾರದ ಕೊನೆಗೆ ನಂಜುಂಡ ಮನೆಗೆ ಊಟಕ್ಕೆ ಕರೆದ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು, ಬೆಂಗಳೂರಿನ ಡಾಕ್ಟರುಗಳ ಸಮ್ಮೇಳನದಲ್ಲಿ ಈ ಪ್ರಬಂಧ ಓದಲು ತನಗೆ ಅವಕಾಶ ಸಿಕ್ಕಿದೆ ಎಂದು ಹೇಳಿದ. ಆಗಲೇ ಬರೆದಿಟ್ಟಿದ್ದ ಮೊದಲ ಪುಟ, ಕೊನೆಯ ಪುಟ ತಂದು ತೋರಿಸಿದ. ಮೊದಲ ಪುಟದಲ್ಲಿ ಅವನ ಹೆಸರು, ಡಿಗ್ರಿಗಳು. ಕೊನೆಯ ಪುಟದಲ್ಲಿ ಕೃತಜ್ಞತೆ. ‘ನಿಂಗೂ ಥ್ಯಾಂಕ್ಸ್ ಹಾಕಿದೀನಿ ನೋಡೋ’ ಎಂದ. ನೋಡಿದೆ. ವಾಸನೆ ಗ್ರಹಿಸುವ ಶಕ್ತಿ ಇಲ್ಲದ ಸಹೋದ್ಯೋಗಿಯೊಬ್ಬರಿಗೆ, ಎಂದಿತ್ತು. ಹೆಸರು ಕೂಡ ಇರಲಿಲ್ಲ. ಪರೀಕ್ಷಕನ ಹೆಸರು ಹಾಕದಿರುವುದು ಪದ್ಧತಿ ಎಂದು ಅವನು ಏನೋ ವಿವರಿಸಿದ. ನನ್ನ ಕಿವಿಗೆ ಬೀಳಲಿಲ್ಲ.

ಮನೆಗೆ ಸೈಕಲ್ ತುಳಿದುಕೊಂಡು ಬರುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಇವನ ಪ್ರಬಂಧ ನೀರಿಗೆ ಬೀಳಬೇಕು. ಔಷಧಿಗೂ ಉಪ್ಪುನೀರಿಗೂ ಏನೂ ವ್ಯತ್ಯಾಸವಿಲ್ಲ ಎಂದು ಬರಬೇಕು. ಲೆಕ್ಕ ಬರೆಯುವ ಪೆನ್ನು ನನ್ನ ಕೈಯಲ್ಲೇ ಇದೆ. ಆದರೆ ಕೆಡಿಸಬೇಕೆಂದರೆ ಯಾರಿಗೆ ಔಷಧಿ ಬಿದ್ದಿದೆ ಎಂದು ಗೊತ್ತಿರಬೇಕಲ್ಲ? ಬೇರೆ ಯಾವ ಡಾಕ್ಟರ್ ಆಗಿದ್ದರೂ ಒಂದೇ ಉಸಿರಿಗೆ ತಿಳಿಯುತ್ತಿತ್ತು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುವುದು ಇದಕ್ಕೇ. ಅಂದು ಜೀವನದಲ್ಲಿ ಮೊದಲ ಬಾರಿಗೆ ನನಗೆ ಮೂಗು ಬೇಕು ಎನ್ನಿಸಿತು. ದೇವರ ಮುಂದೆ ಕೈಮುಗಿಯುವ ಅಭ್ಯಾಸ ನನಗಿಲ್ಲ. ಆದರೆ ಆ ಬೇಡಿಕೆ ಎಷ್ಟು ತೀವ್ರವಾಗಿತ್ತು ಎಂದರೆ, ಅದನ್ನು ಪ್ರಾರ್ಥನೆ ಎಂದರೂ ತಪ್ಪಿಲ್ಲ.

ಸೋಮವಾರ ಬೆಳಿಗ್ಗೆ ಹತ್ತೂವರೆ ಇರಬೇಕು. ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಹೊರಗೆ ರಸ್ತೆಯಲ್ಲಿ ಐಸ್‌ಕ್ಯಾಂಡಿಯವನ ಗಂಟೆ. ಪುಟ್ಟಮ್ಮ ಬಂದು ಸ್ಟೂಲಿನ ಮೇಲೆ ಕೂತಳು. ಎದೆ ಕೇಳಲು ನಾನು ಮುಂದಕ್ಕೆ ಬಗ್ಗಿದೆ. ವಾಸನೆ ಬಂತು.

ಇದನ್ನು ನಿಮಗೆ ಹೇಗೆ ಹೇಳುವುದು? ಇಪ್ಪತ್ತೈದು ವರ್ಷಕ್ಕೂ ಮೇಲೆ ಸತ್ತು ಬಿದ್ದಿದ್ದ ಒಂದು ಇಂದ್ರಿಯ ಒಮ್ಮೆಗೇ ಎದ್ದಿತು. ಮೊದಲು ಅದು ವಾಸನೆ ಎಂದೇ ತಿಳಿಯಲಿಲ್ಲ, ಹಣೆಯೊಳಗೆ ಏನೋ ಚುಚ್ಚಿದ ಹಾಗಾಯಿತು. ಆಮೇಲೆ ಗುರುತು ಹತ್ತಿತು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಕೋಳಿ ನಮ್ಮ ಹುಲ್ಲಿನ ಮೆದೆಯಲ್ಲಿ ಕದ್ದು ಇಟ್ಟ ಮೊಟ್ಟೆಯೊಂದು ಕೊಳೆತು, ನನ್ನ ಕಾಲಡಿ ಒಡೆದಿತ್ತು. ಅದೇ ನಾತ. ಹಿಂದಕ್ಕೆ ಸರಿದೆ, ಮೇಜು ಹಿಡಿದುಕೊಂಡೆ, ಕಣ್ಣಲ್ಲಿ ನೀರು ಬಂತು.

‘ಯಾಕ್ ಸ್ವಾಮಿ, ತಲೆ ಸುತ್ತು ಬಂತಾ?’ ಎಂದಳು ಪುಟ್ಟಮ್ಮ.

ಏನಿಲ್ಲ ಎಂದೆ. ಮೇಜಿನ ಮೇಲಿದ್ದ ಸ್ಪಿರಿಟ್ ಬಾಟಲಿ ಬಿಚ್ಚಿ ಮೂಸಿದೆ. ಏನೂ ಇಲ್ಲ. ಸೋಪು ಮೂಸಿದೆ, ಏನೂ ಇಲ್ಲ. ಮತ್ತೆ ಅವಳ ಕಡೆ ಬಗ್ಗಿದೆ. ಅದೇ ಕೊಳೆತ ಮೊಟ್ಟೆ. ಜಗತ್ತಿನಲ್ಲಿ ನನಗೆ ಬೇಕಾಗಿದ್ದ ಒಂದೇ ಒಂದು ವಾಸನೆ ಬರುತ್ತಿದೆ, ಉಳಿದದ್ದು ಯಾವುದೂ ಬರುತ್ತಿಲ್ಲ. ನಿಜ ಹೇಳುತ್ತೇನೆ, ನನಗೆ ಆಗ ಹೆದರಿಕೆಯಾಗಲಿಲ್ಲ. ಖುಷಿಯಾಯಿತು.

ಆ ದಿನ ಅವಳ ಕಫ ಹಲಗೆಯ ಮೇಲೆ ಹನ್ನೆರಡು ಸೆಕೆಂಡಿನಲ್ಲಿ ಜಾರಿತು. ಮೊದಲ ವಾರಕ್ಕಿಂತ ಎಷ್ಟೋ ಬೇಗ. ಎದೆಯ ಗೊರಗೊರ ಕೂಡ ಕಡಿಮೆಯಾಗಿತ್ತು. ‘ಈಗ ಒಂದೇ ದಮ್ಮಿಗೆ ದಿಣ್ಣೆ ಹತ್ತಿವ್ನಿ ಸ್ವಾಮಿ’ ಎಂದು ಅವಳೇ ಹೇಳಿದಳು. ನಾನು ಪುಸ್ತಕದಲ್ಲಿ ಇಪ್ಪತ್ತೆಂಟು ಸೆಕೆಂಡ್ ಎಂದು ಬರೆದೆ. ಗುಣ ಕಂಡಿಲ್ಲ ಎಂದು ಬರೆದೆ.

ಹೀಗೆ ನಾಲ್ಕು ವಾರ. ಒಟ್ಟು ಎಂಟು ಜನರಿಂದ ನನಗೆ ಆ ವಾಸನೆ ಬಂತು, ಪ್ರತಿ ಸಲವೂ ಬಂತು. ಇನ್ನೆಂಟು ಜನರಿಂದ ಒಮ್ಮೆಯೂ ಬರಲಿಲ್ಲ. ಎಂಟಕ್ಕೆ ಎಂಟು ಸರಿಹೋಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಆ ಎಂಟು ಜನರ ಅಂಕಿಗಳನ್ನೆಲ್ಲ ಕೆಡಿಸಿದೆ. ಉಳಿದವರದ್ದನ್ನು ಇದ್ದದ್ದು ಇದ್ದ ಹಾಗೆ ಬರೆದೆ. ನನಗೆ ವಾಸನೆ ಬಂದ ವಿಷಯವನ್ನು ಹೆಂಡತಿಗೂ ಹೇಳಲಿಲ್ಲ. ನಂಜುಂಡ ಬಂದು, ‘ಹೆಂಗೆ ನಡೀತಿದೆಯೋ?’ ಎಂದರೆ, ‘ಲಕೋಟೆ ಒಡೀಲಿ ಬಿಡು, ಗೊತ್ತಾಗತ್ತೆ’ ಎನ್ನುತ್ತಿದ್ದೆ. ಅವನು ಅದನ್ನು ನನ್ನ ನಿಷ್ಠೆ ಎಂದುಕೊಂಡ.

ಆರು ವಾರ ಮುಗಿಯಿತು. ಫಾರ್ಮಸಿ ಮೇಷ್ಟ್ರು ಲಕೋಟೆ ತಂದುಕೊಟ್ಟರು. ನಂಜುಂಡ ಅರಗು ಒಡೆದು ಪಟ್ಟಿಯನ್ನು ಜೋರಾಗಿ ಓದಿದ, ನಾನು ಪಕ್ಕದಲ್ಲಿ ಕೂತು ನನ್ನ ಪುಸ್ತಕದಲ್ಲಿ ಗುರುತು ಹಾಕುತ್ತಾ ಹೋದೆ. ಒಂದನೆಯ ನಂಬರ್ ಔಷಧಿ. ಅವನಿಂದ ನನಗೆ ವಾಸನೆ ಬಂದಿರಲಿಲ್ಲ. ಎರಡು, ಉಪ್ಪುನೀರು. ಅವನು ಗೂಳೂರಿನವನು, ಅವನು ಬಂದಾಗಲೆಲ್ಲ ನನಗೆ ಕೊಳೆತ ಮೊಟ್ಟೆಯ ನಾತ ಬರುತ್ತಿತ್ತು. ಮೂರು, ನಾಲ್ಕು, ಅವೂ ತಲೆಕೆಳಗು. ಏಳನೆಯ ನಂಬರ್ ಪುಟ್ಟಮ್ಮ. ಉಪ್ಪುನೀರು. ಹದಿನಾರೂ ಮುಗಿದ ಮೇಲೆ ಗುರುತುಗಳನ್ನು ಮತ್ತೊಮ್ಮೆ ಎಣಿಸಿದೆ. ನನಗೆ ವಾಸನೆ ಬಂದ ಎಂಟು ಜನವೂ ಉಪ್ಪುನೀರಿನವರು. ಒಬ್ಬನೂ ತಪ್ಪಿಲ್ಲ. ವಾಸನೆ ಇರುವ ಔಷಧಿ ಉಸಿರಿಗೆ ತೆಗೆದುಕೊಂಡ ಎಂಟು ಜನರಿಂದ ನನಗೆ ಏನೂ ಬಂದಿರಲಿಲ್ಲ.

ಆಮೇಲೆ ಸಿಸ್ಟರ್ ಸರೋಜಳನ್ನು ಒಬ್ಬಳೇ ಇದ್ದಾಗ ಕೇಳಿದೆ, ಪುಟ್ಟಮ್ಮನ ಬಾಟಲಿ ವಾಸನೆ ಬರುತ್ತಿತ್ತಾ ಎಂದು. ‘ಎಲ್ಲಿ ಸಾರ್, ಅದು ಬರೀ ನೀರಿದ್ದಂಗಿತ್ತು. ಒಂದನೇ ನಂಬರ್‌ದು ಅಂದ್ರೆ ನಾನು ಮೂಗಿಗೆ ಬಟ್ಟೆ ಕಟ್ಕೋತಿದ್ದೆ’ ಎಂದಳು.

ಈಗ ನಾನು ಮಾಡಿದ್ದೇನೆಂದು ನೋಡಿ. ಉಪ್ಪುನೀರಿನವರ ಅಂಕಿಗಳನ್ನು ನಾನೇ ಕೆಡಿಸಿದ್ದೆ. ಅದರಿಂದ ಔಷಧಿ ಅಮೃತವೇ ಎನ್ನುವ ಹಾಗೆ ಫಲಿತಾಂಶ ಬಂದಿತ್ತು. ನಂಜುಂಡ ಲೆಕ್ಕ ಹಾಕಿ, ಮತ್ತೊಮ್ಮೆ ಹಾಕಿ, ಎದ್ದು ಬಂದು ನನ್ನನ್ನು ತಬ್ಬಿಕೊಂಡ. ‘ನಿನ್ನಿಂದ ಆಯ್ತು ಕಣೋ’ ಎಂದ. ಅವನಿಗೆ ಗೊತ್ತಿಲ್ಲದ ಅರ್ಥದಲ್ಲಿ ಆ ಮಾತು ನಿಜವಾಗಿತ್ತು. ಹಳ್ಳ ತೋಡಿದವನು ಹಳ್ಳಕ್ಕೆ ಬೀಳುತ್ತಾನೆ ಎನ್ನುತ್ತಾರೆ. ನಾನು ತೋಡಿದ ಹಳ್ಳ ಅವನಿಗೆ ಬಾವಿಯಾಗಿ ನೀರು ಕೊಟ್ಟಿತ್ತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಚಿಕೆಯಿಂದ ಎಂದು ಹೇಳಿದರೆ ಚೆನ್ನಾಗಿರುತ್ತದೆ. ಆದರೆ ಅದು ಹೊಟ್ಟೆ ಉರಿಯೇ. ಬಾಯಿ ಮುಚ್ಚಿಕೊಂಡು ಸುಮ್ಮನಿದ್ದುಬಿಟ್ಟೆ.

ಸುಮ್ಮನಿದ್ದದ್ದೇ ಮುಂದಿನ ಅನಾಹುತಕ್ಕೆ ದಾರಿಯಾಯಿತು. ಉಪ್ಪುನೀರು ಬಿದ್ದ ಎಂಟು ಜನಕ್ಕೆ ಅನ್ಯಾಯವಾಗಿದೆ, ಅವರಿಗೂ ಈಗ ಔಷಧಿ ಕೊಡೋಣ ಎಂದು ನಂಜುಂಡ ತೀರ್ಮಾನಿಸಿದ. ನನ್ನ ಪುಸ್ತಕದ ಪ್ರಕಾರ ಎಲ್ಲರಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದವಳು ಪುಟ್ಟಮ್ಮ. ಮೊದಲು ಅವಳನ್ನೇ ಕರೆಸಿದ. ಈ ಔಷಧಿ ಕೆಲವರಿಗೆ ಆಗಿಬರುವುದಿಲ್ಲ, ಉಬ್ಬಸದ ಗುಣ ಇರುವವರಿಗೆ ಶ್ವಾಸನಾಳ ಹಿಡಿದುಕೊಳ್ಳಬಹುದು ಎಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಆದರೆ ಅವಳು ಉಪ್ಪುನೀರಿನಲ್ಲೇ ಸುಧಾರಿಸಿದ್ದಾಳೆ, ಆ ಅಪಾಯಕ್ಕೆ ಕೈಹಾಕುವ ಅಗತ್ಯವೇ ಅವಳಿಗಿಲ್ಲ ಎನ್ನುವುದು ನನಗೊಬ್ಬನಿಗೇ ಗೊತ್ತಿತ್ತು. ಆದರೂ ಹೇಳಲಿಲ್ಲ.

ಹಿಂದಿನ ಕೋಣೆಯಿಂದ ಸರೋಜ ಕೂಗಿದಳು. ನಾವಿಬ್ಬರೂ ಓಡಿದೆವು. ಕೋಣೆಯ ತುಂಬ ಔಷಧಿಯ ಮಂಜು, ಸರೋಜಳ ಮೂಗಿಗೆ ಬಟ್ಟೆ, ನಂಜುಂಡ ಕೂಡ ಒಳಗೆ ಕಾಲಿಟ್ಟವನೇ ಮುಖ ಕಿವುಚಿದ. ನನಗೆ ಏನೂ ವಾಸನೆ ಬರಲಿಲ್ಲ. ಪುಟ್ಟಮ್ಮ ಮಂಚದ ಅಂಚು ಹಿಡಿದು ಬಾಗಿ ಕೂತಿದ್ದಳು. ಉಸಿರು ಒಳಗೆ ಹೋಗುತ್ತಿರಲಿಲ್ಲ, ಹೊರಗೂ ಬರುತ್ತಿರಲಿಲ್ಲ. ತುಟಿ ನೇರಳೆಯಾಗಿತ್ತು. ನನ್ನನ್ನೇ ನೋಡುತ್ತಿದ್ದಳು. ನಂಜುಂಡ ಆಕ್ಸಿಜನ್ ಹಚ್ಚಿದ, ನಾನು ಶ್ವಾಸನಾಳ ಸಡಿಲಿಸುವ ಅಮಿನೋಫಿಲಿನ್ ಇಂಜೆಕ್ಷನ್ ಹಾಕಲು ಹೋದೆ. ಮೊದಲ ಸಲ ರಕ್ತನಾಳ ಸಿಗಲಿಲ್ಲ, ಎರಡನೆಯ ಸಲವೂ ಸಿಗಲಿಲ್ಲ. ನಂಜುಂಡ ಸಿರಿಂಜ್ ಕಿತ್ತುಕೊಂಡು ತಾನೇ ಹಾಕಿದ. ಮುಕ್ಕಾಲು ಗಂಟೆಯ ಮೇಲೆ ಉಸಿರು ಹತೋಟಿಗೆ ಬಂತು.

ಮಧ್ಯಾಹ್ನ ಅವಳು ಮೆಲ್ಲಗೆ ಮಾತಾಡಿದಳು. ಎದುರಿಗೆ ನಾನೊಬ್ಬನೇ ಇದ್ದೆ. ‘ಸ್ವಾಮಿ, ಈ ಹೊಸಾದು ಬ್ಯಾಡ. ಮೊದ್ಲು ಕೊಡ್ತಿದ್ರಲ್ಲ, ಅದ್ನೇ ಕೊಡಿ. ಅದ್ರಲ್ಲಿ ನಾ ಚೆಂದಾಗಿದ್ದೆ. ನಿಮ್ಗೇ ಗೊತ್ತಲ್ಲ, ನೀವೇ ನೋಡಿದ್ರಲ್ಲ.’

ನಾನು ಎದ್ದು ನಂಜುಂಡನ ಕೋಣೆಗೆ ಹೋದೆ. ಅವನು ಸಮ್ಮೇಳನಕ್ಕೆಂದು ಪ್ರಬಂಧದ ಟೈಪಾದ ಹಾಳೆಗಳನ್ನು ಜೋಡಿಸುತ್ತಿದ್ದ. ಬಾಗಿಲು ಹಾಕಿ ಎಲ್ಲವನ್ನೂ ಹೇಳಿದೆ. ಎಂ.ಡಿ. ಸೀಟಿನಿಂದ ಹಿಡಿದು ಕೊಳೆತ ಮೊಟ್ಟೆಯವರೆಗೆ, ಒಂದನ್ನೂ ಬಿಡಲಿಲ್ಲ. ಅವನ ತಲೆಕೂದಲಿನ ವಿಷಯ ಕೂಡ ಹೇಳಿದೆ. ಅವನು ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

ಅವನು ಒಂದೇ ಪ್ರಶ್ನೆ ಕೇಳಿದ. ‘ಪುಟ್ಟಮ್ಮಂಗೆ ಉಪ್ಪುನೀರಲ್ಲಿ ನಿಜವಾಗ್ಲೂ ಗುಣ ಆಗ್ತಿತ್ತೇನೋ?’

‘ಆಗ್ತಿತ್ತು’ ಎಂದೆ.

‘ಹಂಗಾದ್ರೆ ನಾಳೆಯಿಂದ ಅವಳಿಗೆ ಅದನ್ನೇ ಕೊಡೋಣ’ ಎಂದ. ಹಾಳೆಗಳನ್ನು ಒಂದು ದಾರದಲ್ಲಿ ಕಟ್ಟಿ ಬೀರುವಿನ ಕೆಳಗಿನ ಅರೆಗೆ ಹಾಕಿದ. ಪೋಸ್ಟಾಫೀಸಿಗೆ ಹೋಗಿ ಸಮ್ಮೇಳನದವರಿಗೆ ತಂತಿ ಕೊಟ್ಟು ಬಂದ. ತನ್ನಿಂದ ಅಂಕಿಗಳಲ್ಲಿ ತಪ್ಪಾಗಿದೆ, ಪ್ರಬಂಧ ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು. ನನ್ನ ಹೆಸರು ಎತ್ತಲಿಲ್ಲ. ಆಮೇಲೆ ಕೆಲವು ದಿನ ಬೆಂಗಳೂರಿನ ದೊಡ್ಡ ಡಾಕ್ಟರುಗಳು ಅವನನ್ನು ಗೇಲಿ ಮಾಡಿದರು ಎಂದೂ ಕೇಳಿದೆ. ಅವನು ಮತ್ತೆ ಸಂಶೋಧನೆಗೆ ಕೈ ಹಾಕಲಿಲ್ಲ. ಹೊರದೇಶದ ಪತ್ರಿಕೆಗಳನ್ನು ತರಿಸುವುದನ್ನೂ ನಿಲ್ಲಿಸಿದ.

ಆ ವಾಸನೆ ಎಲ್ಲಿಂದ ಬಂತು? ತಲೆಗೆ ಪೆಟ್ಟಾದವರಿಗೆ ಇಲ್ಲದ ವಾಸನೆ ಬರುವುದುಂಟು ಎಂದು ಬೇರೆ ಊರಿನ ಕಿವಿ ಮೂಗಿನ ಡಾಕ್ಟರೊಬ್ಬರು ಹೇಳಿದರು. ಇರಬಹುದು. ಆದರೆ ಯಾರಿಗೆ ಉಪ್ಪುನೀರು ಬಿದ್ದಿದೆ ಎಂದು ಅದಕ್ಕೆ ಹೇಗೆ ಗೊತ್ತು? ನನ್ನ ಮನಸ್ಸೇ ಊಹೆ ಮಾಡಿತು ಎನ್ನೋಣವೆಂದರೆ, ಊಹೆ ಅರ್ಧ ಸರಿ, ಅರ್ಧ ತಪ್ಪು ಆಗಬೇಕಿತ್ತು. ಎಂಟಕ್ಕೆ ಎಂಟೂ ತಲೆಕೆಳಗಾಗುವುದು ಹೇಗೆ? ಯಾವುದೋ ಶಕ್ತಿ ನನಗೆ ಬುದ್ಧಿ ಕಲಿಸಿತು ಎನ್ನುವವರೂ ಇರಬಹುದು. ನನಗೆ ಬುದ್ಧಿ ಕಲಿಸಲು ಪುಟ್ಟಮ್ಮನ ಉಸಿರು ನಿಲ್ಲಿಸುವ ಶಕ್ತಿಯನ್ನು ನಾನು ಒಪ್ಪಲಾರೆ. ಬೇರೆ ವಿವರಣೆಯೂ ನನ್ನಲ್ಲಿಲ್ಲ. ನಿಮಗೆ ಹೊಳೆದರೆ ನನಗೂ ತಿಳಿಸಿ.

ನಂಜುಂಡನಿಗೆ ಎಲ್ಲ ಹೇಳಿದ ಮಾರನೆಯ ದಿನ ನಾನು ಕೆಲಸಕ್ಕೆ ಹೋಗಿರಲಿಲ್ಲ. ಹೋಗುವ ಮುಖ ಇರಲಿಲ್ಲ. ಹತ್ತು ಗಂಟೆಗೆ ಮನೆ ಮುಂದೆ ಸ್ಕೂಟರ್ ನಿಂತಿತು. ‘ಪೇಷಂಟ್ಸ್ ಕಾಯ್ತಾವ್ರೆ, ಬಾರೋ’ ಎಂದ ನಂಜುಂಡ, ಹಿಂದಿನ ದಿನ ಏನೂ ನಡೆದೇ ಇಲ್ಲ ಎನ್ನುವ ಹಾಗೆ. ಹಿಂದಿನ ಸೀಟಿನಲ್ಲಿ ಕೂತೆ. ದಾರಿಯುದ್ದಕ್ಕೂ ಅವನ ಬೆನ್ನು ನೋಡುತ್ತಾ ಯೋಚಿಸಿದೆ. ಅವನ ಜಾಗದಲ್ಲಿ ನಾನಿದ್ದು, ಅವನು ನನಗೆ ಹೀಗೆ ಮಾಡಿದ್ದರೆ, ನಾನು ಅವನ ಮನೆ ಬಾಗಿಲಿಗೆ ಹೋಗುತ್ತಿದ್ದೆನೇ? ಇಲ್ಲ, ಖಂಡಿತ ಇಲ್ಲ. ಅವನು ಹೇಗೆ ಬಂದ? ಸೀಟು, ಹೆಸರು, ಕೂದಲು ಎಲ್ಲದರ ಹೊಟ್ಟೆಕಿಚ್ಚೂ ವಯಸ್ಸಾದ ಹಾಗೆ ಆರಿತು. ಅವತ್ತು ಅವನು ಬಂದನಲ್ಲ, ಅದರ ಮೇಲಿನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಆರಿಲ್ಲ.